ನೋಟ್ಸ್ ಇರೋ ಬೈಬಲ್: ಪ್ರಿಂಟ್ ಸೂಪರ್, ಉತ್ತರ ಸಪ್ಪೆ

ಮೂರು ಸ್ಟಾರ್. ಅಕ್ಷರ ದಪ್ಪ, ಬೈಂಡಿಂಗ್ ಗಟ್ಟಿ. ಆದ್ರೆ ನಾನು ತಗೊಂಡಿದ್ದೇ ಕೆಳಗಿರೋ ವಿವರಣೆಗೋಸ್ಕರ, ಅಲ್ಲೇ ಕೈ ಕೊಟ್ಟಿದಾರೆ. 1 ಸಮುವೇಲ 15 ತೆಗೀರಿ, ಇಸ್ರಾಯೇಲ್ಯರ ಶತ್ರುಗಳಾದ ಅಮಾಲೇಕ್ಯರಲ್ಲಿ ಹೆಂಗಸರು, ಮೊಲೆ ಕುಡಿಯೋ ಕೂಸು ಅಂತಾನೂ ನೋಡದೆ ಕೊಲ್ಲು ಅಂತ ದೇವರೇ ಆರ್ಡರ್ ಕೊಡ್ತಾನೆ, 11ನೇ ವಚನದಲ್ಲಿ ಸೌಲನನ್ನ ರಾಜ ಮಾಡಿದ್ದಕ್ಕೆ ಪಶ್ಚಾತ್ತಾಪ ಪಡ್ತಾನೆ, 29ಕ್ಕೆ ಬಂದ್ರೆ ದೇವರು ಪಶ್ಚಾತ್ತಾಪ ಪಡೋನೇ ಅಲ್ಲ ಅಂತ ಪ್ರವಾದಿ ಸಮುವೇಲ ಹೇಳ್ತಾನೆ, ಎಲ್ಲ ಮೊದಲೇ ಗೊತ್ತಿರೋನಿಗೆ ಈ ಪೇಚಾಟ ಯಾಕೆ ಸ್ವಾಮಿ? ನೋಟ್ಸಲ್ಲಿ ಒಂದೇ ಲೈನಲ್ಲಿ ತಿಪ್ಪೆ ಸಾರಿಸಿದಾರೆ, ಕೂಸುಗಳ ವಿಷಯಕ್ಕಂತೂ ಉಸಿರೇ ಇಲ್ಲ. ಮ್ಯಾಪಿಗೆ ಮಾತ್ರ ಅರ್ಧ ಪೇಜ್! ಆದಿಕಾಂಡ 22ರಲ್ಲಿ ಅಬ್ರಹಾಮ ಮಗನ ಮೇಲೆ ಕತ್ತಿ ಎತ್ತಿದ್ಮೇಲೆ ದೇವರ ಕಡೆಯಿಂದ 'ನಿನ್ನ ಭಕ್ತಿ ಈಗ ಗೊತ್ತಾಯ್ತು' ಅಂತ ಬರುತ್ತಲ್ಲ, ಅಲ್ಲೂ ಇದೇ ಕಥೆ. ಯೋಬನ ಪುಸ್ತಕದ ನೋಟ್ಸ್ ಪರವಾಗಿಲ್ಲ, ಒಳ್ಳೆಯವನಿಗೆ ಯಾಕೆ ಕಷ್ಟ ಅನ್ನೋ ಪ್ರಶ್ನೆನ ಮುಚ್ಚಿಹಾಕಿಲ್ಲ. ಭಕ್ತಿಗೆ ಓದೋರು ತಗೊಳ್ಳಿ, ಡೌಟ್ ಇರೋರು ಬೇರೆ ನೋಡಿ.