ಸ್ಲೆಡ್ ನಾಯಿಗಳ ಬೂಟಿ: ಅಲಾಸ್ಕಾದ ಹಿಮಕ್ಕೆ ಹೊಲಿದದ್ದು ಕೊಡಗಿನ ತೋಟಕ್ಕೆ ಆಗುತ್ತದೆಯೇ?

ಅಂಗೈಯಗಲದ ಒಂದು ನೈಲಾನ್ ಚೀಲ, ಅದರ ಬಾಯಿಗೆ ಸುತ್ತಿ ಅಂಟಿಸುವ ಎಲಾಸ್ಟಿಕ್ ವೆಲ್ಕ್ರೋ ಪಟ್ಟಿ. ಒಳಪದರ ಇಲ್ಲ, ರಬ್ಬರ್ ಅಡಿ ಇಲ್ಲ. ದೂರದ ಓಟಗಳಲ್ಲಿ ಸ್ಲೆಡ್ (ಹಿಮದ ಮೇಲೆ ಜಾರುವ ಗಾಡಿ) ಎಳೆಯುವ ನಾಯಿಗಳು ತೊಡುವ ಬೂಟಿ ಎಂದರೆ ಇಷ್ಟೇ. ಸಿದ್ದಾಪುರ, ಪೊಳ್ಳಿಬೆಟ್ಟ, ಸುಂಟಿಕೊಪ್ಪದ ಕಡೆ ತೋಟದಲ್ಲಿ ಓಡಾಡುವ ನಾಯಿಗೆ ಇದನ್ನು ಆನ್‌ಲೈನ್‌ನಲ್ಲಿ ತರಿಸಬೇಕೆಂದಿರುವವರಿಗೆ ಮೊದಲೇ ಹೇಳಿಬಿಡಬಹುದು: ಗಾಯವಾದ ಕಾಲಿಗೆ, ಕಪಾತು (ಕಾಫಿ ಗಿಡ ಸವರುವ ಕೆಲಸ) ಮುಗಿದ ತೋಟದಲ್ಲಿ ಅರ್ಧ ಗಂಟೆಯ ಓಡಾಟಕ್ಕೆ ಧಾರಾಳವಾಗಿ ತರಿಸಿ. ಮಳೆಗಾಲಕ್ಕೂ ಕಾದ ಟಾರು ರಸ್ತೆಗೂ ಇದು ಬೇಡ. ಯಾಕೆ ಎನ್ನುವುದಕ್ಕೆ ಈ ಚೀಲ ಯಾವ ಕೆಲಸಕ್ಕೆ ಹುಟ್ಟಿತು ಎಂಬುದನ್ನು ನೋಡಬೇಕು.

ಅಲಾಸ್ಕಾದ ಇಡಿಟರಾಡ್ ಎಂಬ ಸ್ಲೆಡ್ ನಾಯಿಗಳ ಓಟ 1973ರಲ್ಲಿ ಶುರುವಾಯಿತು. ಆಂಕರೇಜ್ ಕಡೆಯಿಂದ ನೋಮ್‌ವರೆಗೆ ಸುಮಾರು 1,600 ಕಿ.ಮೀ. ಪ್ರತಿ ವರ್ಷ ಒಂದಷ್ಟು ತಂಡಗಳು ಅರ್ಧದಲ್ಲೇ ಬಿಡುತ್ತವೆ. ಹೊರಗಿನವರು ಚಳಿಯೇ ಕಾರಣ ಎಂದುಕೊಳ್ಳುತ್ತಾರೆ. ಚಳಿ ನಾಯಿಗೆ ಅಂಥ ಶತ್ರುವಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೆ ಈ ನಾಯಿಗಳು ಹಾಯಾಗಿ ಓಡುತ್ತವೆ, ಸೊನ್ನೆಯ ಹತ್ತಿರ ಬಂದರೆ ಏದುಸಿರು ಬಿಡುತ್ತವೆ. ಅದಕ್ಕೇ ಬಿಸಿಲಿನ ದಿನಗಳಲ್ಲಿ ಮಷರ್‌ಗಳು (ಸ್ಲೆಡ್ ಓಡಿಸುವವರು) ಹಗಲು ಮಲಗಿಸಿ ರಾತ್ರಿ ಓಡಿಸುತ್ತಾರೆ. ತಂಡ ಕುಸಿಯುವುದು ಬಹಳ ಸಲ ಪಾದದಿಂದ.

ಹೇಗೆಂದರೆ, ಕಡು ಚಳಿಯಲ್ಲಿ ಹಿಮದ ಹರಳು ಮರಳಿನಷ್ಟು ಒರಟಾಗಿ ಬೆರಳ ಸಂದಿನ ತೊಗಲನ್ನು ಉಜ್ಜುತ್ತದೆ. ಚಳಿ ಕಡಿಮೆಯಾದರೆ ಹಸಿ ಹಿಮ ಬೆರಳ ಸಂದಿನ ಕೂದಲಿಗೆ ಉಂಡೆಗಟ್ಟಿ ಬೆರಳುಗಳನ್ನು ಅಗಲಿಸುತ್ತದೆ. ಎರಡರಲ್ಲೂ ತೊಗಲು ಬಿರಿಯುತ್ತದೆ. ಬಿರುಕು ನೋಡಲು ಒಂದು ಗೆರೆಯಷ್ಟೇ, ಆದರೆ ನಾಯಿ ಆ ಕಾಲನ್ನು ಪೂರ್ತಿ ಊರುವುದಿಲ್ಲ. ಹೆಜ್ಜೆ ಬದಲಾಗಿ ಭಾರ ಇನ್ನೊಂದು ಕಾಲಿಗೆ ಬೀಳುತ್ತದೆ. ಮಣಿಕಟ್ಟು ಊದುತ್ತದೆ, ಇಲ್ಲವೇ ಭುಜ ಹಿಡಿದುಕೊಳ್ಳುತ್ತದೆ. ಅಂಥ ನಾಯಿಯನ್ನು ಮುಂದಿನ ಚೆಕ್‌ಪಾಯಿಂಟ್‌ನಲ್ಲಿ ಪಶುವೈದ್ಯರ ಕೈಗೆ ಒಪ್ಪಿಸಿ ಹೋಗಬೇಕು. ಅದರ ಜಾಗಕ್ಕೆ ಬೇರೆ ನಾಯಿಯನ್ನು ಸೇರಿಸುವಂತಿಲ್ಲ. ಉಳಿದವುಗಳ ಮೇಲೆ ಎಳೆತ ಹೆಚ್ಚುತ್ತದೆ, ಅವುಗಳಲ್ಲೇ ಇನ್ನೊಂದು ಕುಂಟುತ್ತದೆ. ಕೊನೆಯ ಗೆರೆ ದಾಟುವಾಗ ಕನಿಷ್ಠ ಐದು ನಾಯಿ ಹಗ್ಗದಲ್ಲಿರಬೇಕೆಂಬುದು ನಿಯಮ. ಆದರೆ ಎಷ್ಟೋ ಮಷರ್‌ಗಳು ಅಷ್ಟು ಇಳಿಯುವ ಮೊದಲೇ ನಿಲ್ಲಿಸುತ್ತಾರೆ. ಏಳೆಂಟು ದಣಿದ ನಾಯಿಗಳನ್ನು ಬೇರಿಂಗ್ ಸಮುದ್ರದ ಗಾಳಿಗೆ ಒಡ್ಡುವುದಕ್ಕೆ ಅವರಿಗೆ ಮನಸ್ಸು ಬರುವುದಿಲ್ಲ. ಅದು ಸರಿಯಾದ ನಿರ್ಧಾರವೇ.

ಬೂಟಿ ತಡೆಯುವುದು ಈ ಸರಪಳಿಯ ಮೊದಲ ಕೊಂಡಿಯನ್ನು ಮಾತ್ರ. ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕಾಗುವ ನಾಯಿಗೆ ಹೊಟ್ಟೆ ಕೆಟ್ಟು ಭೇದಿಯಾದರೆ, ತಿನ್ನುವುದು ನಿಲ್ಲಿಸಿದರೆ, ಕೆಮ್ಮು ಒಂದರಿಂದೊಂದಕ್ಕೆ ಹರಡಿದರೆ ಬೂಟಿ ಏನು ಮಾಡೀತು? 2014ರಲ್ಲಿ ಓಟದ ದಾರಿಯ ಡಾಲ್ಜೆಲ್ ಕಣಿವೆಯಲ್ಲಿ ಹಿಮವೇ ಸಾಲದೆ ಕಲ್ಲಿಗೂ ಮರಕ್ಕೂ ಬಡಿದು ಸ್ಲೆಡ್‌ಗಳು ಮುರಿದವು. 2022ರಲ್ಲಿ ನೋಮ್ ಇನ್ನೇನು ಸಿಕ್ಕಿತು ಎನ್ನುವಾಗ ಬಿರುಗಾಳಿಗೆ ಸಿಕ್ಕಿ ಹಲವರು ಬಿಟ್ಟರು. 2019ರಲ್ಲಿ ಮುಂಚೂಣಿಯಲ್ಲಿದ್ದ ನಿಕೊಲಾಸ್ ಪೆಟಿಯ ತಂಡ ದಾರಿಯಲ್ಲೇ ಕೂತುಬಿಟ್ಟಿತು. ಮೈಯಲ್ಲಿ ಶಕ್ತಿಯಿತ್ತು, ಮುಂದೆ ಹೋಗಲು ಮನಸ್ಸಿರಲಿಲ್ಲ. ಇಂಥವಕ್ಕೆ ಹೊಲಿಗೆಯಲ್ಲಿ ಪರಿಹಾರವಿಲ್ಲ.

ಇಡಿಟರಾಡ್‌ನಲ್ಲಿ ಪ್ರತಿ ನಾಯಿಗೆ ಎಂಟು ಬೂಟಿ ಕಡ್ಡಾಯ, ಕಾಲಲ್ಲಿರಲಿ ಸ್ಲೆಡ್‌ನಲ್ಲಿರಲಿ. 14 ನಾಯಿಗಳ ತಂಡವಾದರೆ ಒಂದು ಸಲ ತೊಡಿಸಲು 56 ಬೇಕು. ಇಡೀ ಓಟಕ್ಕೆ ಸಾವಿರ ದಾಟುತ್ತದೆ. ಬೂಟಿ ಇಷ್ಟು ಸರಳವಾಗಿ, ಅಗ್ಗವಾಗಿ ಇರುವುದಕ್ಕೆ ಕಾರಣ ಇದೇ. ಹರಿದರೆ ಎಸೆಯುವ ವಸ್ತು ಅದು, ಬಾಳಿಕೆಯ ಬೂಟು ಎಂದುಕೊಂಡು ಕೊಂಡವರಿಗೆ ನಿರಾಸೆಯಾಗುತ್ತದೆ. ಇಷ್ಟನ್ನೂ ತೊಡಿಸುವ ಕೆಲಸ ಮಾತ್ರ ಅಗ್ಗದ್ದಲ್ಲ. ದಪ್ಪ ಕೈಗವಸಿನಲ್ಲಿ ವೆಲ್ಕ್ರೋ ಹಿಡಿಯಲಾಗದು, ಬರಿಗೈಯಲ್ಲೇ ಮಾಡಬೇಕು. ಬೆರಳು ಹಿಮಕ್ಕೆ ಸುಟ್ಟು, ಮುಂದೆ ಬೂಟಿ ತೊಡಿಸಲೂ ಆಗದೆ ಮಷರ್ ಓಟ ಬಿಡುವುದುಂಟು.

ಇನ್ನು ವಸ್ತುವಿನ ಗುಣಕ್ಕೆ ಬರೋಣ. 500 ಡೆನಿಯರ್ (ನೂಲಿನ ದಪ್ಪದ ಅಳತೆ) ಕಾರ್ಡುರಾ ನೈಲಾನ್ ಮೆತ್ತಗಿರುತ್ತದೆ, ಬೇಗ ಒಣಗುತ್ತದೆ. 1000 ಡೆನಿಯರ್‌ನದು ಹೆಚ್ಚು ಬಾಳುತ್ತದೆ, ಆದರೆ ಅಂಚು ಗಡುಸು, ಕೂದಲು ತೆಳುವಿರುವ ನಾಯಿಗೆ ಉಜ್ಜುತ್ತದೆ. ನಮ್ಮ ಗಿಡ್ಡ ಕೂದಲಿನ ನಾಡುನಾಯಿಗಳಿಗೆ 500ರದೇ ವಾಸಿ. ಕೊಂಡ ಕೂಡಲೇ ಒಳಗನ್ನು ಹೊರಗೆ ತಿರುಗಿಸಿ ಹೊಲಿಗೆ ನೋಡಿ. ಮೂಲೆಯಲ್ಲಿ ದಾರದ ಗಂಟು ಎದ್ದಿದ್ದರೆ ಅದು ಉಗುರಿನ ಬುಡಕ್ಕೆ ಒತ್ತುತ್ತದೆ, ಬಿಟ್ಟ ದಾರ ಬೆರಳಿಗೆ ಸುತ್ತಿಕೊಳ್ಳುತ್ತದೆ. ದಾರ ಕತ್ತರಿಸಿ, ಗಂಟಿರುವುದನ್ನು ವಾಪಸ್ ಮಾಡಿ.

ಅಳತೆ ತೆಗೆಯುವಾಗ ನಾಯಿಯನ್ನು ಕಾಗದದ ಮೇಲೆ ನಿಲ್ಲಿಸಿ, ಪಕ್ಕದ ಕಾಲನ್ನು ಎತ್ತಿ ಹಿಡಿಯಿರಿ. ಭಾರ ಬಿದ್ದಾಗ ಪಾದ ಅಗಲವಾಗುತ್ತದೆ, ಆ ಅಗಲವೇ ಬೇಕಾದದ್ದು. ಕೂತ ನಾಯಿಯ ಕಾಲು ಅಳೆದರೆ ಒಂದು ಸೈಜು ಚಿಕ್ಕದು ಬರುತ್ತದೆ. ಮುಂಗಾಲು ಸಾಮಾನ್ಯವಾಗಿ ಹಿಂಗಾಲಿಗಿಂತ ದೊಡ್ಡದು, ಹಾಗಾಗಿ ಎರಡು ಸೈಜು ತರಿಸಬೇಕಾಗಬಹುದು. ಓಟದ ನಾಯಿಗಳು 20ರಿಂದ 25 ಕೆ.ಜಿ.ಯವು. ಮೈತುಂಬಿದ ಲ್ಯಾಬ್ರಡಾರ್‌ನ ಪಾದ ಅವುಗಳಿಗಿಂತ ಅಗಲ ಎಂಬುದು ನೆನಪಿರಲಿ.

ತೊಡಿಸುವುದರಲ್ಲಿ ಎಲ್ಲರೂ ಎಡವುವುದು ಪಟ್ಟಿಯ ಜಾಗದಲ್ಲಿ. ಪಾದವನ್ನು ಚೀಲದ ತುದಿಯವರೆಗೆ ತಳ್ಳಿ, ಬೆರಳುಗಳು ನೆಟ್ಟಗಿವೆಯೇ ಎಂದು ಬಟ್ಟೆಯ ಮೇಲಿನಿಂದಲೇ ಮುಟ್ಟಿ ನೋಡಿ. ಪಟ್ಟಿ ಸುತ್ತಬೇಕಾದ್ದು ಪಾದದ ಮೇಲೆ ಕಾಲು ಸಣ್ಣಗಾಗುವ ಕಡೆ. ಒಳಬದಿಯಲ್ಲಿ ಮೇಲಕ್ಕಿರುವ ಹೆಬ್ಬೆರಳ ಉಗುರು ಪಟ್ಟಿಯಡಿ ಸಿಕ್ಕಬಾರದು, ಸಿಕ್ಕರೆ ಸ್ವಲ್ಪ ಹೊತ್ತಿನಲ್ಲೇ ಚರ್ಮ ಕೆಂಪಾಗುತ್ತದೆ. ಎಲಾಸ್ಟಿಕ್ಕನ್ನು ಎಳೆದು ಅಂಟಿಸಬೇಡಿ, ಸುಮ್ಮನೆ ಸುತ್ತಿ ಅಂಟಿಸಿ. ಕಳಚಿಹೋಗುತ್ತದೆಂಬ ಭಯದಲ್ಲಿ ಬಿಗಿದರೆ ರಕ್ತದ ಓಟ ತಡೆದು ಪಾದ ಊದುತ್ತದೆ. ಯಾವ ತೊಂದರೆ ತಪ್ಪಿಸಲು ಬೂಟಿ ಹಾಕಿದಿರೋ ಅದೇ ತೊಂದರೆ ಬೂಟಿಯಿಂದ ಬರುತ್ತದೆ. ಓಟದಲ್ಲಿ ತಂಡ ವಿಶ್ರಾಂತಿಗೆ ನಿಂತಾಗ ಬೂಟಿಗಳನ್ನೆಲ್ಲ ಬಿಚ್ಚುತ್ತಾರೆ, ಪ್ರತಿ ಬೆರಳ ಸಂದು ನೋಡಿ ಮುಲಾಮು ಹಚ್ಚುತ್ತಾರೆ. ಇಲ್ಲೂ ಹಾಗೇ ಮಾಡಬೇಕು. ಬೂಟಿ ಹಾಕಿಸಿ ನಾಯಿಯನ್ನು ರಾತ್ರಿಯಿಡೀ ಜಗಲಿಯಲ್ಲಿ ಮಲಗಿಸುವುದು ಕೂಡದು.

ಕೊಡಗಿನ ನೆಲದಲ್ಲಿ ಇದರ ಯೋಗ್ಯತೆ ಋತುವಿಗೊಂದು ಬಗೆ. ಕಪಾತಾದ ಮೇಲೆ ಕಾಫಿ ಸಾಲುಗಳ ನಡುವೆ ಕತ್ತರಿಸಿದ ರೆಂಬೆಗಳ ಚೂಪು ತುದಿಗಳಿರುತ್ತವೆ, ಕಳೆ ಕೊಚ್ಚಿದ ಕಡೆ ಕೂಳೆ ನಿಂತಿರುತ್ತದೆ. ಅಲ್ಲಿ ತರಚು ಗಾಯ ಮತ್ತು ಮುಟ್ಟಿದರೆ ಮುನಿಯ ಮುಳ್ಳನ್ನು ಬೂಟಿ ಚೆನ್ನಾಗಿ ತಡೆಯುತ್ತದೆ. ನೆಟ್ಟಗೆ ನಿಂತ ಕೂಳೆ ಮಾತ್ರ ಒಂದು ಪದರದ ನೈಲಾನನ್ನು ತೂರಿಕೊಂಡೇ ಬರುತ್ತದೆ. ಜಲ್ಲಿ ರಸ್ತೆಯಲ್ಲಿ ಮೊದಲು ತೂತಾಗುವುದು ನಡು ಉಗುರುಗಳ ನೇರಕ್ಕೆ. ಹಿಮದಲ್ಲಿ ಬಾಳುವಷ್ಟು ದೂರದ ಒಂದು ಪಾಲೂ ಜಲ್ಲಿಯಲ್ಲಿ ಬಾಳದು.

ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಕುಶಾಲನಗರದ ಕಡೆಯ ಟಾರಿನ ಮೇಲೆ ಈ ತೆಳು ಬಟ್ಟೆ ಬಿಸಿಯನ್ನು ತಡೆಯುವುದಿಲ್ಲ. ಅಂಗೈ ಹಿಂಬದಿಯನ್ನು ರಸ್ತೆಗೆ ಏಳು ಸೆಕೆಂಡು ಒತ್ತಿ ಹಿಡಿಯಲಾಗದಿದ್ದರೆ ನಾಯಿಯನ್ನು ಹೊರಡಿಸಬೇಡಿ, ಬೂಟಿ ಇದ್ದರೂ ಸರಿ.

ಮಳೆಗಾಲದ ಮಾತೇ ಬೇರೆ. ನಾಯಿ ಬೆವರುವುದೇ ಅಂಗಾಲಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ಮಡಿಕೇರಿ ಕಡೆಯ ಥಂಡಿಗೆ ಒದ್ದೆಯಾದ ಬೂಟಿ ಕಾಲಲ್ಲೇ ಉಳಿದರೆ ಅಂಗಾಲಿನ ಮೆತ್ತೆ ನೆನೆದು ಬಿಳಿಚುತ್ತದೆ, ಸಂದಿನಲ್ಲಿ ವಾಸನೆ ಶುರುವಾಗುತ್ತದೆ, ಮುಂದೆ ಶಿಲೀಂಧ್ರದ ಸೋಂಕು. ಕೆಂಪು ಮಣ್ಣಿನ ಕೆಸರು ಬೂಟಿಯ ಬಾಯಿಯಿಂದ ಒಳಗಿಳಿದು ಮರಳು ಕಾಗದದಂತೆ ಉಜ್ಜುತ್ತದೆ. ಜಿಗಣೆ ಬೂಟಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಪಟ್ಟಿಯ ಮೇಲಿನಿಂದ ಹತ್ತುತ್ತದೆ, ಒಳಗೆ ಸೇರಿದ್ದು ಬಿಚ್ಚುವವರೆಗೆ ಕಾಣುವುದಿಲ್ಲ. ಬಿಚ್ಚಿದಾಗ ಜಿಗಣೆಯ ಜೊತೆಗೆ ಉಣ್ಣಿಯನ್ನೂ ಹುಡುಕಿ. ಬೆರಳ ಸಂದು ಉಣ್ಣಿಗೆ ಮೆಚ್ಚಿನ ಜಾಗ, ಉಣ್ಣಿ ಜ್ವರ ಇಲ್ಲಿನ ನಾಯಿಗಳಿಗೆ ಯಾವ ಗಾಯಕ್ಕಿಂತಲೂ ದೊಡ್ಡ ಅಪಾಯ.

ಬೂಟಿ ನಿಜವಾಗಿ ಗೆಲ್ಲುವುದು ಬ್ಯಾಂಡೇಜು ಕಟ್ಟಿದ ಕಾಲಿನ ಮೇಲೆ. ಪಾದಕ್ಕೆ ಡ್ರೆಸ್ಸಿಂಗ್ ಆದ ನಾಯಿಯನ್ನು ಮೂತ್ರಕ್ಕೆ ಹೊರಗೆ ಕರೆದೊಯ್ಯುವಾಗ ಒಂದು ಸೈಜು ದೊಡ್ಡ ಬೂಟಿ ಹಾಕಿದರೆ ಬ್ಯಾಂಡೇಜು ಮಣ್ಣಾಗುವುದಿಲ್ಲ, ಪ್ಲಾಸ್ಟಿಕ್ ಕವರಿನಂತೆ ಜಾರುವುದೂ ಇಲ್ಲ. ಮುಲಾಮು ಹಚ್ಚಿದಾಗ ನೆಕ್ಕದಂತೆಯೂ ಸ್ವಲ್ಪ ಹೊತ್ತು ತಡೆಯುತ್ತದೆ. ಜಿಂಕ್ ಆಕ್ಸೈಡ್ ಇರುವ ಮುಲಾಮು ನಾಯಿಯ ಹೊಟ್ಟೆಗೆ ಹೋಗಬಾರದು, ಯಾವುದನ್ನು ಹಚ್ಚಬೇಕೆಂದು ಪಶುವೈದ್ಯರನ್ನೇ ಕೇಳಿ.

ಒಗೆಯುವಾಗ ವೆಲ್ಕ್ರೋ ಮುಚ್ಚಿರಬೇಕು, ಇಲ್ಲದಿದ್ದರೆ ಅದರ ಕೊಕ್ಕೆ ನೈಲಾನನ್ನೇ ಕೀಳುತ್ತದೆ. ಉತ್ತರಾಣಿ ಬೀಜ, ನಾಯಿ ಕೂದಲು ಕೊಕ್ಕೆಯಲ್ಲಿ ತುಂಬಿದರೆ ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಿರಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ, ಎಲಾಸ್ಟಿಕ್ ಬಿರುಸಾಗುತ್ತದೆ. ಗಾಳಿಯಾಡುವ ನೆರಳು ಸಾಕು.

ಅಮೆರಿಕದಲ್ಲಿ ಒಂದು ಬೂಟಿಗೆ ಒಂದೆರಡು ಡಾಲರ್ ಆಸುಪಾಸು, ಇಲ್ಲಿಗೆ ತರಿಸಿದರೆ ಸಾಗಣೆ ಖರ್ಚೇ ಹೆಚ್ಚು. ಹಾಗಾಗಿ ನಾಲ್ಕರ ಬದಲು ಎಂಟೋ ಹನ್ನೆರಡೋ ಒಟ್ಟಿಗೆ ತರಿಸಿ, ಪಕ್ಕದ ತೋಟದವರೊಡನೆ ಹಂಚಿಕೊಂಡರೆ ಇನ್ನೂ ಒಳ್ಳೆಯದು. ಟೈಲರ್ ಕೈಲಿ ಹೊಲಿಸಲೂಬಹುದು: ಹಳೆಯ ಬ್ಯಾಗಿನ ನೈಲಾನ್, ಒಂದು ಇಂಚಿನ ಎಲಾಸ್ಟಿಕ್, ವೆಲ್ಕ್ರೋ ಇದ್ದರಾಯಿತು, ಮೂಲೆಗಳನ್ನು ಮಾತ್ರ ದುಂಡಗೆ ತಿರುಗಿಸಲು ಹೇಳಿ. ಮಳೆಯಲ್ಲಿ ಬ್ಯಾಂಡೇಜು ಕಾಪಾಡಲೇಬೇಕೆಂದಿದ್ದರೆ ಬಲೂನಿನಂಥ ರಬ್ಬರ್ ಬೂಟಿ ತೆಗೆದುಕೊಳ್ಳಿ, ಒಳಗೆ ಬಂದ ಕೂಡಲೇ ಬಿಚ್ಚಿ ಪಾದ ಒರೆಸಿ.