ಸಿವಿಲ್ ವ್ಯಾಜ್ಯಕ್ಕೆ ಉಚಿತ ವಕೀಲರು: ಕಾನೂನು ಸೇವೆಗಳ ಪ್ರಾಧಿಕಾರದ ಸೇವೆ ಹೇಗಿದೆ?

ಜಿಲ್ಲಾ ನ್ಯಾಯಾಲಯಕ್ಕೆ ಯಾವುದಾದರೂ ಕೆಲಸಕ್ಕೆ ಹೋದವರು ‘ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ’ ಎಂಬ ಫಲಕವನ್ನು ನೋಡಿಯೇ ಇರುತ್ತಾರೆ. ಆದರೆ ಅದು ಜೈಲಿನಲ್ಲಿರುವವರಿಗೆ ಜಾಮೀನು ಕೊಡಿಸುವ ಕಚೇರಿ ಎಂದೇ ಬಹಳ ಜನ ತಿಳಿದಿದ್ದಾರೆ. ಪಾಲು ವಿಭಾಗ, ಜೀವನಾಂಶ, ಬಾಡಿಗೆ, ಸಾಲ ಮುಂತಾದ ಸಿವಿಲ್ ತಕರಾರುಗಳಿಗೂ ಅಲ್ಲಿ ಖರ್ಚಿಲ್ಲದೆ ವಕೀಲರು ಸಿಗುತ್ತಾರೆಂಬ ಸಂಗತಿ ತಿಳಿದವರು ಕಡಿಮೆ. ನಮ್ಮ ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿದು ಜೀವನ ಸಾಗಿಸುವ ಅಕ್ಕನವರ ಪಾಲಿನ ದಾವೆಗಾಗಿ ಅವರ ಜೊತೆ ಓಡಾಡಿದ ಅನುಭವದ ಮೇಲೆ ಈ ಸೇವೆಯ ಕುರಿತು ಬರೆಯುತ್ತಿದ್ದೇನೆ. ಒಳಗೆ ಹೋಗುವುದು ನಾನು ಊಹಿಸಿದ್ದಕ್ಕಿಂತ ಬಹಳ ಸುಲಭ. ಕಷ್ಟ ಶುರುವಾಗುವುದು ವಕೀಲರ ನೇಮಕವಾದ ಮೇಲೆ.

ಬಡವನಿಗೂ ನ್ಯಾಯ ದೊರೆಯುವಂತೆ ಉಚಿತ ಕಾನೂನು ನೆರವು ಒದಗಿಸಬೇಕೆಂಬ 39ಎ ವಿಧಿಯು 1976ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿತು. ಅದಕ್ಕಾಗಿ ರೂಪಿಸಿದ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1987ರದ್ದಾದರೂ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬರ, ನೆರೆ, ಭೂಕಂಪಗಳಿಂದ ಸಂತ್ರಸ್ತರಾದವರು ಹಾಗೂ ಬಂಧನದಲ್ಲಿರುವವರು ತಮ್ಮ ಆದಾಯ ಎಷ್ಟೇ ಇದ್ದರೂ ಅರ್ಹರು. ಉಳಿದವರಿಗೆ ಮಾತ್ರ ಆದಾಯದ ಮಿತಿಯಿದ್ದು, ಕರ್ನಾಟಕದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ. ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲವೆಂಬುದು ಎಷ್ಟೋ ವಿದ್ಯಾವಂತ ಮನೆಗಳಲ್ಲೂ ಗೊತ್ತಿಲ್ಲ. ಅಕ್ಕನವರೂ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸಿ ತಂದಿದ್ದರು. ಮೇಜಿನ ಹಿಂದಿದ್ದ ಸಿಬ್ಬಂದಿ ಅದನ್ನು ಮಡಿಸಿ ಹಿಂದಿರುಗಿಸಿ, “ಹೆಂಗಸರಿಗೆ ಇದು ಬೇಡಮ್ಮ, ಆಧಾರ್ ಜೆರಾಕ್ಸ್ ಕೊಡಿ ಸಾಕು” ಎಂದರು.

ಆ ಮುಂಗಚೇರಿಯ ಬಗ್ಗೆ ಒಳ್ಳೆಯ ಮಾತನ್ನೇ ಹೇಳಬೇಕು. ಅರ್ಜಿ ನಮೂನೆ ಕನ್ನಡದಲ್ಲಿತ್ತು. ಅಲ್ಲಿ ಕುಳಿತಿದ್ದ, ವಕೀಲರಲ್ಲದಿದ್ದರೂ ಜನರಿಗೆ ಕಾನೂನಿನ ದಾರಿ ತೋರುವ ಅರೆಕಾನೂನು ಸ್ವಯಂಸೇವಕಿ ಅಕ್ಕನವರ ಮಾತನ್ನು ಮೊದಲಿನಿಂದ ಕೇಳಿ, ತಂದೆ ತೀರಿಕೊಂಡ ನಂತರ ಜಮೀನಿನ ಖಾತೆ ಅಣ್ಣತಮ್ಮಂದಿರ ಹೆಸರಿಗೆ ಮಾತ್ರ ಆಗಿದೆಯೆಂಬುದನ್ನು ಪಹಣಿಯಲ್ಲಿ ಬೆರಳಿಟ್ಟು ನೋಡಿ, ವಂಶವೃಕ್ಷ ಮತ್ತು ಮ್ಯುಟೇಶನ್ ಪ್ರತಿಗಳನ್ನು ತರಲು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅರ್ಜಿ ಬಂದ ಏಳು ದಿನಗಳೊಳಗೆ ತೀರ್ಮಾನವಾಗಬೇಕೆಂಬ ನಿಯಮ ಇಲ್ಲಿ ಪಾಲನೆಯಾಯಿತು. ಸರ್ಕಾರಿ ಕಚೇರಿಯೊಂದರಲ್ಲಿ ಕುರ್ಚಿ ಕೊಟ್ಟು ಕೂರಿಸಿ ಕೇಳಿದ್ದೇ ಅಕ್ಕನವರಿಗೆ ಅಚ್ಚರಿಯಾಗಿತ್ತು.

ಹಣದ ದೃಷ್ಟಿಯಿಂದ ಈ ನೆರವಿನ ತೂಕ ವಕೀಲರ ಶುಲ್ಕ ಉಳಿಯುವುದರಲ್ಲಷ್ಟೇ ಇಲ್ಲ. ಕೋರ್ಟ್ ಶುಲ್ಕ, ಸಮನ್ಸ್ ಜಾರಿಯ ಖರ್ಚು, ದಾವೆಯ ಕರಡು, ದೃಢೀಕೃತ ನಕಲು ಎಲ್ಲವೂ ಇದರಲ್ಲಿ ಸೇರುತ್ತವೆ. ಕರ್ನಾಟಕದ 1958ರ ಕೋರ್ಟ್ ಶುಲ್ಕ ಕಾಯ್ದೆಯ ಪ್ರಕಾರ, ಜಂಟಿ ಸ್ವಾಧೀನದಲ್ಲಿರುವವರು ಪಾಲು ಕೇಳಿದರೆ ಅಲ್ಪ ಮೊತ್ತದ ನಿಗದಿತ ಶುಲ್ಕ ಸಾಕು, ಸ್ವಾಧೀನದಿಂದ ಹೊರಗಿಡಲ್ಪಟ್ಟವರು ಕೇಳಿದರೆ ತಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ಅಂದರೆ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳೇ ಹೆಚ್ಚು ಕಟ್ಟಬೇಕಾದ ಸಂದರ್ಭ ಬರುತ್ತದೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು, ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಅದಕ್ಕೆ ಅಡ್ಡಿಯಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ ಶುಲ್ಕ ಕಟ್ಟಲಾಗದವಳಿಗೆ ಆ ಹಕ್ಕು ದಾವೆಯ ರೂಪ ಪಡೆಯುವುದು ಈ ಪ್ರಾಧಿಕಾರದಂಥ ವ್ಯವಸ್ಥೆ ಇದ್ದಾಗ ಮಾತ್ರ.

ವಕೀಲರ ಮಾತಿಗೆ ಬರೋಣ. ಪಟ್ಟಿಯಲ್ಲಿರುವ ಪ್ಯಾನಲ್ ವಕೀಲರೊಬ್ಬರನ್ನು ನೇಮಿಸಿ ಪತ್ರ ಕೊಟ್ಟರು. ಅವರ ಹೆಸರು, ಊರು ಇಲ್ಲಿ ಬೇಡ. ವಕಾಲತ್ತಿಗೆ ಸಹಿ ಹಾಕಿಸಿಕೊಂಡವರು ಆಮೇಲೆ ಫೋನಿಗೆ ಸಿಗುತ್ತಿರಲಿಲ್ಲ. ಮುಂದಿನ ದಿನಾಂಕ ಯಾವುದೆಂದು ತಿಳಿಯಲು ಅಕ್ಕನವರು ಕೋರ್ಟಿನ ಕಾರಿಡಾರಿನಲ್ಲಿ ಗುಮಾಸ್ತನನ್ನು ಹುಡುಕಬೇಕಿತ್ತು, ಆ ಗುಮಾಸ್ತ ‘ಟೈಪಿಂಗ್ ಖರ್ಚು’ ಎಂದು ಕೈ ಚಾಚಿದ್ದೂ ಉಂಟು. ನೆರವು ಪಡೆದವರಿಂದ ಪ್ಯಾನಲ್ ವಕೀಲರು ಯಾವ ರೂಪದಲ್ಲೂ ಹಣ ಕೇಳುವಂತಿಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2010ರ ನಿಯಮಾವಳಿಯು ಪ್ರಕರಣಗಳ ಪ್ರಗತಿ ನೋಡಲು ಪ್ರತಿ ಸಂಸ್ಥೆಯಲ್ಲೂ ಮೇಲ್ವಿಚಾರಣಾ ಸಮಿತಿ ಇರಬೇಕೆನ್ನುತ್ತದೆ, ವಕೀಲರನ್ನು ಬದಲಾಯಿಸಲೂ ಅವಕಾಶವಿದೆ. ಇದನ್ನು ನೇಮಕದ ಪತ್ರದ ಹಿಂಬದಿಯಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿದ್ದರೆ ಎಷ್ಟೋ ಓಡಾಟ ತಪ್ಪುತ್ತಿತ್ತು. ಸದಸ್ಯ ಕಾರ್ಯದರ್ಶಿಗಳಿಗೆ ಲಿಖಿತ ಮನವಿ ಕೊಟ್ಟ ನಂತರ ಬೇರೊಬ್ಬ ವಕೀಲೆಯನ್ನು ನೇಮಿಸಿದರು, ಅವರು ಶ್ರದ್ಧೆಯಿಂದ ನಡೆಸುತ್ತಿದ್ದಾರೆ.

ಇದನ್ನು ಒಬ್ಬ ವಕೀಲರ ಸ್ವಭಾವದ ದೋಷವೆಂದು ಬಿಡಲು ನನಗೆ ಮನಸ್ಸಿಲ್ಲ. ವರ್ಷಗಟ್ಟಲೆ ಎಳೆಯುವ ಸಿವಿಲ್ ದಾವೆಗೆ ಪ್ಯಾನಲ್ ವಕೀಲರಿಗೆ ಸಿಗುವ ಗೌರವಧನ ಖಾಸಗಿ ಶುಲ್ಕದ ಮುಂದೆ ತೀರ ಅಲ್ಪ; ಹಾಗಾಗಿ ಅದೇ ದಿನ ಇನ್ನೊಂದು ಹಾಲಿನಲ್ಲಿ ದುಡ್ಡು ಕೊಡುವ ಕಕ್ಷಿದಾರರಿದ್ದರೆ ಉಚಿತ ಪ್ರಕರಣಕ್ಕೆ ವಾಯಿದೆ ಬೀಳುವುದು ಸಹಜ. ಕ್ರಿಮಿನಲ್ ಪ್ರಕರಣಗಳಲ್ಲಿ ಈ ಕೊರತೆಯನ್ನು ಗುರುತಿಸಿಯೇ, ಖಾಸಗಿ ವೃತ್ತಿ ನಡೆಸದೆ ಪೂರ್ಣಾವಧಿ ಕೆಲಸ ಮಾಡುವ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆಯನ್ನು 2022ರಿಂದ ದೇಶದ ಜಿಲ್ಲೆಗಳಲ್ಲಿ ತರಲಾಯಿತು. ಸಿವಿಲ್ ಕಡೆಗೆ ಹಳೆಯ ಪ್ಯಾನಲ್ ಪದ್ಧತಿಯೇ ಉಳಿದಿದೆ. ಜೈಲಿನ ಭಯ ಇಲ್ಲಿಲ್ಲ ಎನ್ನುವ ವಾದವಿರಬಹುದು. ಮನೆ ಕಳೆದುಕೊಳ್ಳುವವರ, ಜೀವನಾಂಶ ಸಿಗದೆ ಮಕ್ಕಳನ್ನು ಸಾಕುವವರ ಎದುರು ಆ ವಾದ ನಿಲ್ಲುವುದಿಲ್ಲ. ಜಿಲ್ಲೆಗೆ ಇಬ್ಬರು ಪೂರ್ಣಾವಧಿ ಸಿವಿಲ್ ವಕೀಲರನ್ನಾದರೂ ನೇಮಿಸಿದರೆ ಈ ಸೇವೆಯ ಗುಣವೇ ಬದಲಾದೀತು.

ಇದೇ ಪ್ರಾಧಿಕಾರ ರಾಜಿಗಾಗಿ ಏರ್ಪಡಿಸುವ ಲೋಕ ಅದಾಲತ್ (ಜನತಾ ನ್ಯಾಯಾಲಯ) ಚೆನ್ನಾಗಿ ನಡೆಯುತ್ತದೆ. ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಅಲ್ಲಿನ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ. ಅದರ ಮೇಲೆ ಮೇಲ್ಮನವಿ ಇಲ್ಲವಾದ್ದರಿಂದ ‘ಮುಗಿಸಿಬಿಡಿ’ ಎಂಬ ಒತ್ತಾಯಕ್ಕೆ ಮಣಿದು ಸಹಿ ಹಾಕಬಾರದು. ಅಕ್ಕನವರಿಗೆ ಅಣ್ಣತಮ್ಮಂದಿರು ಜಮೀನಿನ ಬದಲು ಒಂದಿಷ್ಟು ಹಣ ಕೊಡುತ್ತೇವೆಂದು ಅಲ್ಲಿ ಮುಂದಿಟ್ಟರು. ಎರಡನೆಯ ವಕೀಲೆ ಆ ಊರಿನ ಜಮೀನಿನ ಬೆಲೆಯನ್ನು ಹಾಳೆಯೊಂದರ ಮೇಲೆ ಲೆಕ್ಕ ಹಾಕಿ ತೋರಿಸಿದ ಮೇಲೆ ಅಕ್ಕನವರು ಒಪ್ಪಲಿಲ್ಲ. ವಿದ್ಯುತ್, ಸಾರಿಗೆ, ವಿಮೆಯಂಥ ಸಾರ್ವಜನಿಕ ಉಪಯೋಗಿ ಸೇವೆಗಳ ದೂರಿಗೆ ಕಾಯಂ ಜನತಾ ನ್ಯಾಯಾಲಯಗಳೇ ಬೇರೆ ಇವೆ. ರಾಜಿ ಆಗದಿದ್ದರೂ ಅವು ತೀರ್ಪು ಕೊಡಬಲ್ಲವು, ಶುಲ್ಕವೂ ಇಲ್ಲ.

ಈ ಸೇವೆಯ ಹೊರಗೆ ಉಳಿದವರದ್ದು ಬೇರೆಯೇ ಪಾಡು. ತಿಂಗಳಿಗೆ 26 ಸಾವಿರ ದುಡಿಯುವ, ಮೇಲೆ ಹೇಳಿದ ಯಾವ ವರ್ಗಕ್ಕೂ ಸೇರದ ಬೆಂಗಳೂರಿನ ಕ್ಯಾಬ್ ಚಾಲಕನೊಬ್ಬನ ವರ್ಷದ ಆದಾಯ 3.12 ಲಕ್ಷವಾಗಿ ಮಿತಿ ದಾಟುತ್ತದೆ. ಮನೆ ಮಾಲೀಕ ಬಾಡಿಗೆಯ ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಅವನಿಗೆ ಉಚಿತ ವಕೀಲರಿಲ್ಲ, ಹಣ ಕೊಟ್ಟು ವಕೀಲರನ್ನಿಡಲು ಅಡ್ವಾನ್ಸಿನ ಮೊತ್ತವೇ ಸಾಲದು. ಅಂಥವರಿಗೂ ದಾವೆಗೆ ಮೊದಲಿನ ರಾಜಿ ಅರ್ಜಿ ಹಾಕುವ ದಾರಿ ತೆರೆದಿದೆ, ಅದಕ್ಕೆ ಆದಾಯ ಕೇಳುವುದಿಲ್ಲ. ಪ್ರಾಧಿಕಾರದ ನೋಟಿಸ್ ಹೋದರೆ ಎದುರಿನವರು ಮಾತಿಗೆ ಬರುವ ಸಾಧ್ಯತೆ ಹೆಚ್ಚು, ಆದರೆ ಬರಲೇಬೇಕೆಂಬ ಕಟ್ಟುಪಾಡಿಲ್ಲ. ಹೋಗುವ ಮೊದಲು ಸಹಾಯವಾಣಿ 15100ಕ್ಕೆ ಕರೆ ಮಾಡಿ ವಿಚಾರಿಸಿ. ತಾಲ್ಲೂಕು ನ್ಯಾಯಾಲಯಗಳಲ್ಲೂ ಕಾನೂನು ಸೇವಾ ಸಮಿತಿಗಳು ಇರುವುದರಿಂದ ಜಿಲ್ಲಾ ಕೇಂದ್ರದವರೆಗೆ ಬಸ್ ಚಾರ್ಜ್ ಖರ್ಚು ಮಾಡಬೇಕಾಗಿಲ್ಲ. ಅರ್ಜಿ ಕೊಟ್ಟಾಗ ಸೀಲು ಹಾಕಿದ ಸ್ವೀಕೃತಿಯನ್ನು ಕೇಳಿ ಪಡೆಯಿರಿ, ಮುಂದೆ ವಕೀಲರನ್ನು ಬದಲಿಸಬೇಕಾದರೆ ಮನವಿಯ ಜೊತೆ ಅದನ್ನು ಲಗತ್ತಿಸಬಹುದು.