ಕಪ್ಲರ್ ಕೂತರೆ ಸಾಲದು: ಮೀಟರ್ ಬದಲಿಸಿದ ಮೇಲೆ ಪೆಟ್ರೋಲ್ ಮುಳ್ಳನ್ನು ನಂಬುವ ಮುಂಚೆ

ಕಾರಿನ ಮೀಟರ್ ಬೋರ್ಡ್ ಬದಲಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೊಸ ಮೀಟರಿನಲ್ಲಿ ಪೆಟ್ರೋಲ್ ಮುಳ್ಳು ಅಲ್ಲಾಡಿದರೆ ಎಲ್ಲಾ ಸರಿ ಇದೆ ಅಂತ ಅಲ್ಲ. ನನ್ನ ಕಾರು ಪೆಟ್ರೋಲ್ ಖಾಲಿಯಾಗಿ ನಿಂತದ್ದು ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿದ್ದಾಗ. ಹೆದ್ದಾರಿ, ರಾತ್ರಿ ಹೊತ್ತು, ಹಿಂದೆ ಲಾರಿ, ಒಳಗೆ ಮನೆಯವರೆಲ್ಲ. ಎಂಜಿನ್ ಆರಿದ ಕೂಡಲೇ ಸ್ಟೀರಿಂಗ್ ಬಿಗಿಯಾಯಿತು. ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲೂ ಕಲ್ಲಿನಂತಾಯಿತು. ಹೇಗೋ ಬದಿಗೆ ತಂದು ನಿಲ್ಲಿಸಿದೆ. ಆ ಭಯ ಇನ್ನೊಬ್ಬರಿಗೆ ಬೇಡ.

ಹಳೆಯ ಮೀಟರಿನ ಬೋರ್ಡ್ ಸುಟ್ಟಿತ್ತು. ಗ್ಯಾರೇಜಿನವರು ಕಾರು ಕಂಪನಿಯದಲ್ಲದ, ಹೊರಗಿನ ತಯಾರಿಕೆಯ ಮೀಟರ್ ಸೆಟ್ ಒಂದನ್ನು ಹಾಕಿಕೊಟ್ಟರು. ಮುಳ್ಳು ಸರಿಯಾಗಿ ತೋರಿಸುತ್ತಾ ಎಂದು ಕೇಳಿದ್ದಕ್ಕೆ, "ಕಪ್ಲರ್ ಸರಿಯಾಗಿ ಕೂತಿದೆ, ದೀಪ ಎಲ್ಲಾ ಉರೀತಿದೆ, ಇನ್ನೇನು ಸರ್?" ಅಂದರು. ಕಪ್ಲರ್ ಅಂದರೆ ವೈರುಗಳನ್ನು ಜೋಡಿಸುವ ಪ್ಲಗ್. ಫುಲ್ ಟ್ಯಾಂಕ್ ಹಾಕಿಸಿದಾಗ ಮುಳ್ಳು ಫುಲ್ ಗೆರೆಯನ್ನೂ ದಾಟಿ ನಿಂತಿತು. ಅದನ್ನು ತೋರಿಸಿದೆ. "ಹೊಸದಲ್ವಾ, ಸೆಟ್ ಆಗುತ್ತೆ" ಎಂದು ಕಳಿಸಿದರು. ಅಲ್ಲೇ ಹಿಡಿದು ನೋಡಬೇಕಾದ ಸುಳಿವು ಅದು.

ಕಾರು ನಿಂತ ಮೇಲೆ ಅದೇ ಗ್ಯಾರೇಜಿನಲ್ಲಿ ಊಹೆಯ ಮೇಲೆ ಕೆಲಸ ಶುರುವಾಯಿತು. ಟ್ಯಾಂಕ್ ಯೂನಿಟ್ (ಟ್ಯಾಂಕಿನೊಳಗೆ ಕೂತು ಪೆಟ್ರೋಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಭಾಗ) ಹೋಗಿದೆ ಎಂದು ಹೊಸದು ಹಾಕಿದರು. ಮುಳ್ಳು ಮತ್ತೆ ಅದೇ ಆಟ. ಆಮೇಲೆ ಅರ್ಥ್ ವೈರ್ ಅಂದರು, ಅದನ್ನೂ ಬದಲಿಸಿದರು. ಪ್ರತಿ ಸಲ ಬಿಲ್ ಬಂತು. ಅಷ್ಟು ದಿನದಲ್ಲಿ ಒಮ್ಮೆಯೂ ಯಾರೂ ವೈರುಗಳನ್ನು ಅಳೆದು ನೋಡುವ ಮಲ್ಟಿಮೀಟರ್ ಕೈಗೆತ್ತಿಕೊಳ್ಳಲಿಲ್ಲ. ನನಗೆ ಕೋಪ ಇರುವುದು ಇದಕ್ಕೇ.

ಕೊನೆಗೆ ಬೇರೊಬ್ಬ ಎಲೆಕ್ಟ್ರಿಷಿಯನ್ ಹಿಂದಿನ ಸೀಟ್ ಎತ್ತಿ, ಟ್ಯಾಂಕಿನ ಕಪ್ಲರ್ ಬಿಚ್ಚಿ, ಅಳೆದು ನೋಡಿದರು. ಕಾರಣ ಸ್ವಲ್ಪ ಹೊತ್ತಿನಲ್ಲೇ ಸಿಕ್ಕಿತು.

ಟ್ಯಾಂಕ್ ಯೂನಿಟ್‌ನಲ್ಲಿ ಒಂದು ಫ್ಲೋಟ್, ಅಂದರೆ ತೇಲುವ ತುಂಡು, ಇರುತ್ತೆ. ಪೆಟ್ರೋಲ್ ಜೊತೆ ಅದು ಏರಿ ಇಳಿದಾಗ, ಅದರ ಕಡ್ಡಿ ಕರೆಂಟ್‌ಗೆ ತಡೆ ಒಡ್ಡುವ ಒಂದು ರೆಸಿಸ್ಟರ್ ಪಟ್ಟಿಯ ಮೇಲೆ ಜಾರುತ್ತೆ. ಮೀಟರ್ ನೋಡುವುದು ಪೆಟ್ರೋಲನ್ನಲ್ಲ, ಎಷ್ಟು ಓಮ್ (ಆ ತಡೆಯ ಅಳತೆ) ಬರುತ್ತಿದೆ ಎಂಬುದನ್ನು. ತೊಂದರೆ ಏನೆಂದರೆ ಈ ಓಮ್ ಲೆಕ್ಕ ಎಲ್ಲಾ ಗಾಡಿಗೂ ಒಂದೇ ಅಲ್ಲ. ಕೆಲವದರಲ್ಲಿ ಖಾಲಿಗೆ 0, ಫುಲ್‌ಗೆ 90. ಕೆಲವದರಲ್ಲಿ ಖಾಲಿಗೆ 10, ಫುಲ್‌ಗೆ 180. ಇನ್ನು ಕೆಲವದರಲ್ಲಿ ಪೂರ್ತಿ ಉಲ್ಟಾ: ಖಾಲಿಗೆ 240, ಫುಲ್‌ಗೆ 33.

ನನ್ನ ಕಾರಿನ ಟ್ಯಾಂಕ್ ಯೂನಿಟ್ ಫುಲ್ ಇದ್ದಾಗ 5 ಓಮ್ ಆಸುಪಾಸು, ಖಾಲಿ ಇದ್ದಾಗ ಸುಮಾರು 110 ಕೊಡುತ್ತೆ. ಹೊಸ ಮೀಟರ್ 240ರಿಂದ 33ರ ಲೆಕ್ಕದ್ದು. ಅಂಥ ಮೀಟರಿಗೆ 100ರ ಸುತ್ತಮುತ್ತ ಬಂದರೆ ಅರ್ಧ ಟ್ಯಾಂಕ್ ಎಂದರ್ಥ. ಅಂದರೆ ನನ್ನ ಟ್ಯಾಂಕ್ ಒಣಗಿದಾಗಲೂ ಅದರ ಕಣ್ಣಿಗೆ ಅರ್ಧ ಇತ್ತು! ಮುಳ್ಳು ಫುಲ್ ದಾಟಿ ಹೋಗಿದ್ದೂ ಇದೇ ಕಾರಣಕ್ಕೆ. ರಿಸರ್ವ್ ದೀಪವನ್ನೂ ಅದು ಅದೇ ಓಮ್ ನೋಡಿ ಹಚ್ಚುತ್ತಿದ್ದರಿಂದ ದೀಪ ಬರಲೇ ಇಲ್ಲ. ಮೊದಲಿದ್ದ ಟ್ಯಾಂಕ್ ಯೂನಿಟ್ ಚೆನ್ನಾಗಿಯೇ ಇತ್ತು. ಸುಮ್ನೆ ಕಿತ್ತು ಎಸೆದರು.

ಮುಳ್ಳು ಪೂರ್ತಿ ಸತ್ತಿದ್ದರೆ ಇಷ್ಟು ಅಪಾಯ ಇರುತ್ತಿರಲಿಲ್ಲ. ಯಾರಾದರೂ ಎಚ್ಚರವಾಗಿರುತ್ತಾರೆ. ಇದು ನಿಧಾನಕ್ಕೆ ಇಳಿಯುತ್ತಾ, ನಂಬುವ ಹಾಗೆ ತೋರಿಸುತ್ತಾ ಬಂತು. ಕಾರಿನ ಫ್ಯೂಯಲ್ ಪಂಪ್‌ಗೂ ಇದು ಕೆಟ್ಟದ್ದು. ಟ್ಯಾಂಕಿನೊಳಗಿನ ಪಂಪ್ ತಂಪಾಗುವುದು ಪೆಟ್ರೋಲಿನಿಂದಲೇ. ಒಣಗಿ ಓಡಿದರೆ ಅದರ ಆಯಸ್ಸು ಕಡಿಮೆಯಾಗುತ್ತೆ. ಡೀಸೆಲ್ ಗಾಡಿಯಾದರೆ ಲೈನಿನಲ್ಲಿ ಗಾಳಿ ಸೇರಿ, ಅದನ್ನು ತೆಗೆಯುವ ಕೆಲಸ ಬೇರೆ.

ಹಾಗಾಗಿ ಮೀಟರ್ ಕೊಳ್ಳುವ ಮುಂಚೆಯೇ ಎರಡು ಸಂಖ್ಯೆ ಕೇಳಿ: ಖಾಲಿಗೆ ಎಷ್ಟು ಓಮ್, ಫುಲ್‌ಗೆ ಎಷ್ಟು ಓಮ್. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುವ ಲೆಕ್ಕದ ಜೊತೆ ಹೋಲಿಸಿ. ಮಾರುವವರಿಗೆ ಇದು ಗೊತ್ತಿಲ್ಲ ಅಂದರೆ ಆ ಮೀಟರ್ ಬೇಡ.

ಈಗಾಗಲೇ ಹಾಕಿಸಿ ಮುಳ್ಳು ತಪ್ಪು ತೋರಿಸುತ್ತಿದ್ದರೆ, ಟ್ಯಾಂಕ್ ಬಿಚ್ಚಲು ಮಾತ್ರ ಬಿಡಬೇಡಿ. ಮೊದಲು ಟ್ಯಾಂಕಿನ ಕಪ್ಲರ್ ಬಿಚ್ಚಿಸಿ ಯೂನಿಟ್ ಎಷ್ಟು ಓಮ್ ಕೊಡುತ್ತಿದೆ ಅಂತ ಅಳೆಸಿ. ಆಮೇಲೆ ಯೂನಿಟ್ ಜಾಗದಲ್ಲಿ ಎಷ್ಟು ಓಮ್ ಅಂತ ಗೊತ್ತಿರುವ ರೆಸಿಸ್ಟರ್ ಕೊಟ್ಟು ಮುಳ್ಳು ಎಲ್ಲಿ ನಿಲ್ಲುತ್ತೆ ನೋಡಿಸಿ. ತಪ್ಪು ಮೀಟರಿನದೋ, ವೈರಿನದೋ, ಟ್ಯಾಂಕಿನದೋ ಅಂತ ಇದರಲ್ಲೇ ತಿಳಿಯುತ್ತೆ. ಹೆಡ್‌ಲೈಟ್ ಹಾಕಿದಾಗ ಮುಳ್ಳು ಸರಿದರೆ ಅರ್ಥ್ ವೈರ್ ಮೇಲೆ ಅನುಮಾನ ಪಡಬಹುದು. ಹಳೆಯ ಗಾಡಿಗಳಲ್ಲಿ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ತಪ್ಪಿದರೆ ಎರಡಕ್ಕೂ ಒಂದೇ ಮಟ್ಟದ ವೋಲ್ಟೇಜ್ ಕೊಡುವ, ಮೀಟರಿನ ಹಿಂದಿರುವ ವೋಲ್ಟೇಜ್ ಸ್ಟೆಬಿಲೈಸರ್ ನೋಡಬೇಕು. ಹೊಸ ಗಾಡಿಗಳಲ್ಲಿ ಓಮ್ ಅಳೆಯುವುದು ಬೇರೆ ಕಂಪ್ಯೂಟರ್ ಆಗಿರಬಹುದು. ಅಲ್ಲಿ ಮೀಟರನ್ನು ಗಾಡಿಗೆ ಕೋಡಿಂಗ್ ಮಾಡಿಸದೆ (ಆ ಕಂಪ್ಯೂಟರಿಗೆ ಹೊಂದುವಂತೆ ಸೆಟ್ ಮಾಡಿಸದೆ) ಎಷ್ಟು ವೈರ್ ಬದಲಿಸಿದರೂ ಪ್ರಯೋಜನ ಆಗದಿರಬಹುದು.

ಟ್ಯಾಂಕ್ ಯೂನಿಟ್‌ಗೆ ಬ್ಯಾಟರಿಯ 12 ವೋಲ್ಟ್ ನೇರ ಕೊಟ್ಟು ನೋಡೋಣ ಅನ್ನುವವರನ್ನು ಅಲ್ಲೇ ತಡೆಯಿರಿ. ಅದು ಪೆಟ್ರೋಲ್ ಆವಿಯ ಮಧ್ಯೆ ಇರುವ ವಸ್ತು. ಒಂದು ಕಿಡಿ ಸಾಕು.

"ಒಂದು ರೆಸಿಸ್ಟರ್ ಸೇರಿಸಿದರೆ ಸರಿಹೋಗುತ್ತೆ" ಎಂದೂ ನನಗೆ ಹೇಳಿದ್ದರು. ಲೆಕ್ಕ ಹಾಕಿ ನೋಡಿ. 33 ಓಮ್ ಸೇರಿಸಿದರೆ ನನ್ನ ಯೂನಿಟ್ 38ರಿಂದ 143ರವರೆಗೆ ಓಡುತ್ತೆ. ಫುಲ್ ಹೆಚ್ಚುಕಡಿಮೆ ಸರಿಯಾಗುತ್ತೆ, ಆದರೆ ಮುಳ್ಳು 240ರ ಹತ್ತಿರವೂ ಹೋಗಲ್ಲ. ಖಾಲಿ ಟ್ಯಾಂಕ್ ಖಾಲಿ ಅಂತ ಕಾಣುವುದೇ ಇಲ್ಲ. ನಮ್ಮ ಜೀವ ಇರುವುದು ಖಾಲಿಯ ಕಡೆಯ ಲೆಕ್ಕದಲ್ಲಿ. ಸರಿಯಾದ ದಾರಿ ಎಂದರೆ ಗಾಡಿಗೆ ಹೊಂದುವ ಮೀಟರ್ ಹಾಕಿಸುವುದು. ಅದು ಸಿಗದಿದ್ದರೆ ಮೀಟರಿಗೆ ಹೊಂದುವ, ನಿಮ್ಮ ಟ್ಯಾಂಕಿನ ಆಳಕ್ಕೆ ಸರಿಯಾದ ಕಡ್ಡಿ ಇರುವ ಯೂನಿಟ್, ಇಲ್ಲವೇ ಓಮ್ ಲೆಕ್ಕ ಬದಲಿಸಿಕೊಡುವ ಮಾಡ್ಯೂಲ್. ಕೆಲವು ಡಿಜಿಟಲ್ ಮೀಟರುಗಳಲ್ಲಿ ಖಾಲಿ ಮತ್ತು ಫುಲ್ ಅನ್ನು ನಾವೇ ಸೆಟ್ ಮಾಡಬಹುದು. ನಾನು ಕೊನೆಗೆ ಹಾಕಿಸಿದ್ದು ಗಾಡಿಯ ಮೂಲ ಮೀಟರನ್ನೇ.

ಕೆಲಸ ಮುಗಿದ ಮೇಲೂ ಮುಳ್ಳು ಖಾಲಿಯಿಂದ ಫುಲ್‌ವರೆಗೆ ಸರಿಯಾಗಿ ಬರುತ್ತೆ ಅಂತ ಖಾತ್ರಿಯಾಗುವ ತನಕ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಕಿಲೋಮೀಟರ್ ಲೆಕ್ಕದ ಮೇಲೆ ಪೆಟ್ರೋಲ್ ಹಾಕಿಸಿ. ತುಂಬಿಸಿದ ಕೂಡಲೇ ಮುಳ್ಳು ನೋಡಿ ತೀರ್ಮಾನ ಬೇಡ, ಬಹಳ ಮೀಟರುಗಳು ಬೇಕೆಂದೇ ನಿಧಾನಕ್ಕೆ ಏರುತ್ತವೆ. ಹಾಗೆಯೇ ಹಳೆಯ ಮೀಟರ್ ಬಿಚ್ಚುವ ಮುಂಚೆ ಓಡೋಮೀಟರ್ ರೀಡಿಂಗಿನ (ಗಾಡಿ ಒಟ್ಟು ಓಡಿದ ಕಿಲೋಮೀಟರ್) ಫೋಟೋ ತೆಗೆದು, ಬಿಲ್ ಮೇಲೂ ಅದನ್ನು ಬರೆಸಿಕೊಳ್ಳಿ. ಬಿಚ್ಚಿದ ಮೀಟರನ್ನೂ ಟ್ಯಾಂಕ್ ಯೂನಿಟನ್ನೂ ಗ್ಯಾರೇಜಿನಲ್ಲಿ ಬಿಡದೆ ಕೇಳಿ ತೆಗೆದುಕೊಂಡು ಬನ್ನಿ.